ಬಸ್ ಸ್ಟ್ಯಾಂಡ್ ಮಾಳಿಗೆ ಮೇಲೆ ಗೋಳಿ ಪಲ್ಯ

ನಮ್ಮಜ್ಜಿ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆ ಹತ್ತುತ್ತಿದ್ದಳು. ಕೈಯಲ್ಲಿ ಕುರ್ಚಿಗಿ. ಮಾಳಿಗೆ ಮಣ್ಣಿನಲ್ಲಿ ಎಲ್ಲಿ ಒಂದು ಹಸಿರು ಎಲೆ ಕಂಡರೂ ಬೇರು ಸಮೇತ ಕಿತ್ತು ಕೆಳಗೆ ಎಸೆಯುತ್ತಿದ್ದಳು. "ಬೇರು ಇಳೀತಂದ್ರ ಮನಿ ಸೋರತೈತಿ" ಅನ್ನೋದು ಅವಳ ಮಾತು. ಆಮೇಲೆ ಬಂಡಿಯಲ್ಲಿ ತರಿಸಿದ ಚೌಳು ಮಣ್ಣನ್ನು ಮಾಳಿಗೆ ತುಂಬ ಹರಡಿ, ನೀರು ಚಿಮುಕಿಸಿ, ಕಾಲಿಂದ ತುಳಿಯುತ್ತಿದ್ದರು. ಅದು ನಮ್ಮ ಜಂತಿ ಮನೆ, ಮರದ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಗಂಗಾವತಿ ತಾಲೂಕಿನ ಕಾಲುವೆ ಸೀಮೆ.

ಅವಳ ಮೊಮ್ಮಗಳಾದ ನಾನು ಆರ್ಕಿಟೆಕ್ಚರ್ ಓದಿ, ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಊರಿಗೆ ವಾಪಸ್ ಬಂದು, ಈಗ ಮಾಳಿಗೆ ಮೇಲೆ ಗಿಡ ಬೆಳೆಸಲು ದುಡ್ಡು ತಗೋತೀನಿ. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ. ಅಪ್ಪ ಏನಂದರು ಅನ್ನೋದನ್ನ ಮಾತ್ರ ಮುಂದೆ ಹೇಳುತ್ತೇನೆ.

ಕಥೆ ಶುರುವಾಗಿದ್ದು ಒಂದು ವಾಟ್ಸಾಪ್ ವಿಡಿಯೋದಿಂದ. ಕುಷ್ಟಗಿ ಕಡೆ, ಕಾಲುವೆ ನೀರು ಮುಟ್ಟದ ಭಾಗದಲ್ಲಿ ಒಂದು ಊರು. ಅಲ್ಲಿ ರಸ್ತೆ ಪಕ್ಕ ಒಂದು ದೊಡ್ಡ ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ ಇತ್ತು. ಬಸ್ಸು ಕಾಯೋರು, ಎಲೆ ಅಡಿಕೆ ಹಾಕೋರು, ಜಗಳ ಬಗೆಹರಿಸೋರು, ಎಲ್ಲರೂ ಅಲ್ಲೇ. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಅದರ ಬದಲು ಒಂದು ಸ್ಟೀಲ್ ತಗಡಿನ ತಂಗುದಾಣ ಬಂತು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಹೋಗಿ ನೋಡಿ, ಅದರೊಳಗೆ ಯಾರೂ ಕೂರುವುದಿಲ್ಲ. ಎಲ್ಲರೂ ಎದುರಿನ ಬೀಡಾ ಅಂಗಡಿಯ ನೆರಳಿನಲ್ಲಿ ನಿಂತಿರುತ್ತಾರೆ. ತಂಗುದಾಣದಲ್ಲಿ ನಾಯಿ ಕೂಡ ಮಲಗುವುದಿಲ್ಲ.

ಆ ಊರಿನ ನಿವೃತ್ತ ಮೇಷ್ಟ್ರೊಬ್ಬರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ ಬೇರೆ ತಂಗುದಾಣ ಕಟ್ಟಿಸಬೇಕು ಅಂತ ನನ್ನ ಹತ್ತಿರ ಬಂದರು. ಕೈಯಲ್ಲಿ ಫೋನು. "ನೋಡವಾ ಇದನ್ನ, ಇಂಥದ್ದು ಆಗತೈತೇನು?" ವಿಡಿಯೋದಲ್ಲಿ ಒಂದು ಗಾಜಿನ ತೊಟ್ಟಿ, ಅದರೊಳಗೆ ಹಸಿರು ನೀರು ಗುಳುಗುಳು ಅಂತಿತ್ತು. ಪಕ್ಕದಲ್ಲಿ ಬೆಂಚು.

ಅದು ಬೆಲ್‌ಗ್ರೇಡ್ ನಗರದ ತೊಟ್ಟಿ. ಸೆರ್ಬಿಯಾ ದೇಶದ ರಾಜಧಾನಿ ಅದು. 2021ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಸ್ತೆ ಪಕ್ಕ ಇಟ್ಟರು. 600 ಲೀಟರ್ ನೀರು, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಪಂಪು ಬೀದಿಯ ಗಾಳಿಯನ್ನು ಒಳಗೆ ಎಳೆಯುತ್ತದೆ, ಪಾಚಿ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ತಿಂದು ಆಮ್ಲಜನಕ ಬಿಡುತ್ತದೆ. ಹತ್ತು ವರ್ಷದ ಎರಡು ಮರ, ಇಲ್ಲವೇ 200 ಚದರ ಮೀಟರ್ ಹುಲ್ಲುಹಾಸು ಮಾಡುವಷ್ಟು ಕೆಲಸ ಮಾಡುತ್ತದೆ ಅಂತ ಅವರು ಹೇಳುತ್ತಾರೆ. ಮರ ಕಡಿದು ಇದನ್ನು ಇಡಿ ಅಂತ ಅವರು ಹೇಳಿಲ್ಲ. ಮರ ನೆಡಲು ಜಾಗವೇ ಇಲ್ಲದ ಕಡೆಗೆ ಅಂತಲೇ ಮಾಡಿದ್ದು. ವಿಡಿಯೋ ಫಾರ್ವರ್ಡ್ ಮಾಡಿದವರು ಆ ಮಾತನ್ನು ಬಿಟ್ಟಿದ್ದರು, ಅಷ್ಟೇ.

ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಕಾಲೇಜಿನಲ್ಲಿ ಹ್ಯಾಂಬರ್ಗ್ ನಗರದ ಒಂದು ಕಟ್ಟಡದ ಬಗ್ಗೆ ಓದಿದ್ದೆ. 2013ರಲ್ಲಿ ಕಟ್ಟಿದ್ದು. ಬಿಸಿಲು ಬೀಳುವ ಎರಡು ಗೋಡೆಗಳಿಗೆ 129 ಗಾಜಿನ ಫಲಕ ಹಾಕಿ, ಪ್ರತಿ ಫಲಕದೊಳಗೆ ಪಾಚಿ ನೀರು ತುಂಬಿದ್ದಾರೆ. ಬಿಸಿಲು ಜಾಸ್ತಿ ಆದಷ್ಟೂ ಪಾಚಿ ದಟ್ಟವಾಗುತ್ತದೆ, ದಟ್ಟವಾದಷ್ಟೂ ಒಳಗಿನವರಿಗೆ ನೆರಳು. ನೀರಿಗೆ ಹಿಡಿದ ಬಿಸಿಲಿನ ಕಾವನ್ನು ತೆಗೆದು ಮನೆಯೊಳಗೆ ಬಳಸುತ್ತಾರೆ. ಎಷ್ಟು ಚೆಂದದ ಯೋಚನೆ ಅಲ್ವಾ? ಆದರೆ ಅದು ಹ್ಯಾಂಬರ್ಗ್. ಅವರಿಗೆ ಕಾವು ಬೇಕು. ನಮಗೆ ಕೊಪ್ಪಳದಲ್ಲಿ ಯಾರಾದರೂ ಬಂದು ಕಾವು ಒಯ್ದರೆ ಬಾಡಿಗೆ ಕೊಟ್ಟು ಕಳಿಸುತ್ತೇವೆ.

ಆದರೂ ಒಂದು ಕೈ ನೋಡೋಣ ಅಂತ ಸ್ಪಿರುಲಿನಾ ಅನ್ನೋ ಪಾಚಿ ತರಿಸಿದೆ. ಇದು ಬಿಸಿಲಿಗೆ ಹೆದರದ ಜಾತಿ, ಸುಮಾರು 35 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದಾರೆ. ಇನ್ನೊಂದು ವಿಷಯ ನನಗೆ ಭಾರಿ ಹಿಡಿಸಿತು. ಇದಕ್ಕೆ ಕ್ಷಾರದ ನೀರು ಬೇಕು, ಅಂದರೆ ಚೌಳು ನೀರು. ಅಡುಗೆ ಸೋಡಾ, ಉಪ್ಪು ಹಾಕಿ ನೀರನ್ನು ಬೇಕಂತಲೇ ಚೌಳು ಮಾಡಬೇಕು. ಬೇರೆ ಪಾಚಿಗಳು, ಹುಳುಗಳು ಅಂಥ ನೀರಿನಲ್ಲಿ ಬಾಳುವುದು ಕಷ್ಟ, ಹಾಗಾಗಿ ಇದಕ್ಕೆ ಪೈಪೋಟಿ ಕಡಿಮೆ. ನಮ್ಮಲ್ಲಿ ಚೌಳಿಗೆ ಬರವೇ?

ಗಂಗಾವತಿಯ ನನ್ನ ಆಫೀಸಿನ ಮಾಳಿಗೆ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಅದಕ್ಕೆ ಮೀನಿನ ತೊಟ್ಟಿಯ ಪಂಪು. ಮೊದಲ ವಾರ ಪಚ್ಚೆ ಕಲ್ಲಿನ ಹಾಗೆ ಹಸಿರಾಯಿತು. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಅವರು ಕೈ ಮುಗಿಯುವ ಗುರುತು ಮೂರು ಸಲ ಕಳಿಸಿದರು. ಎರಡನೇ ವಾರ ಹೊರಗೆ 43 ಡಿಗ್ರಿ ಮುಟ್ಟಿತು. ಕ್ಯಾನಿನ ನೀರಿಗೆ ಥರ್ಮಾಮೀಟರ್ ಇಟ್ಟರೆ 47. ಮರುದಿನ ಹಳದಿ ಬಣ್ಣ, ನೊರೆ, ಕೊಳೆತ ಮೀನಿನ ವಾಸನೆ. ಕೆಳಗಿನ ಅಂಗಡಿಯವರು ಮೇಲೆ ಹತ್ತಿ ಬಂದು, "ಮೇಡಂ, ಇಲಿ ಸತ್ತೈತೇನ್ರಿ?" ಅಂತ ಕೇಳಿದರು.

ಎರಡನೇ ಸಲ ಅಗಲವಾದ ಸಿಮೆಂಟ್ ತೊಟ್ಟಿ, ಸುತ್ತ ಒದ್ದೆ ಗೋಣಿ ಚೀಲ, ಮೇಲೆ ಹಸಿರು ನೆರಳು ಪರದೆ. ಇದು ಬದುಕಿತು. ಆದರೆ ಒದ್ದೆ ಗೋಣಿಯನ್ನು ದಿನಕ್ಕೆ ಎರಡು ಸಲ ನೆನೆಸಬೇಕು. ಕರೆಂಟ್ ಹೋದರೆ ಕೋಲು ತಗೊಂಡು ನಾವೇ ಕಲಕಬೇಕು. ವಾರಕ್ಕೊಮ್ಮೆ ಬಟ್ಟೆಯಲ್ಲಿ ಸೋಸಿ ತೆಗೆಯಬೇಕು, ಗೊಬ್ಬರ ಹಾಕಬೇಕು. ಚಿಕ್ಕಪ್ಪನ ಮಗನ ಮದುವೆಗೆ ನಾಲ್ಕು ದಿನ ಹೋಗಿ ಬಂದೆ, ತಳಕ್ಕೆ ಕೂತು ಹೋಗಿತ್ತು. ಇದು ಎಮ್ಮೆ ಕಟ್ಟಿದ ಹಾಗೆ. ಹಾಲು ಕೊಡುತ್ತದೆ, ನಿಜ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಎಮ್ಮೆ ಕಟ್ಟಿದರೆ ಮೇವು ಹಾಕೋರು ಯಾರು?

ಅದೇ ಹೊತ್ತಿಗೆ ಅಪ್ಪ ಆಫೀಸಿಗೆ ಬಂದವರು ತೊಟ್ಟಿ ನೋಡಿ ನಿಂತರು. ಅಪ್ಪನದು ನಲವತ್ತು ವರ್ಷದ ಭತ್ತದ ಸಾಗುವಳಿ. ಸಸಿ ಮಡಿಯಲ್ಲಿ ಪಾಚಿ ಕಟ್ಟಿದರೆ ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರು ಒಳಗೆ ಬರುವ ಬಾಯಲ್ಲಿ ಇಡುತ್ತಾರೆ. ಅದು ನಿಧಾನವಾಗಿ ಕರಗಿ ಪಾಚಿ ಸಾಯುತ್ತದೆ. "ನನ್ನ ಜೀವಮಾನ ಎಲ್ಲಾ ಪಾಚಿ ಕೊಲ್ಲಾಕ ರೊಕ್ಕ ಹಾಕೀನಿ. ನೀ ಅದನ್ನ ಬೆಳೆಸಾಕ ರೊಕ್ಕ ಹಾಕಾಕತ್ತೀಯಲ್ಲ ಯವ್ವಾ" ಅಂದರು. ನಗಲಿಲ್ಲ ಅವರು. ನಿಜವಾಗಿಯೂ ಲೆಕ್ಕ ಕೇಳುತ್ತಿದ್ದರು.

ಲೆಕ್ಕ ಹಾಕಿದೆ. ಚೆನ್ನಾಗಿ ನೋಡಿಕೊಂಡ ಸ್ಪಿರುಲಿನಾ ತೊಟ್ಟಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಹತ್ತು ಗ್ರಾಂ ಒಣ ಪಾಚಿ ಸಿಗುತ್ತದೆ ಅಂದುಕೊಳ್ಳಿ. ಒಂದು ಗ್ರಾಂ ಪಾಚಿ ಬೆಳೆಯಲು ಸುಮಾರು 1.8 ಗ್ರಾಂ ಇಂಗಾಲದ ಡೈಆಕ್ಸೈಡ್ ಬೇಕು. ಅಂದರೆ ದಿನಕ್ಕೆ 18 ಗ್ರಾಂ. ಒಂದು ಲೀಟರ್ ಡೀಸೆಲ್ ಸುಟ್ಟರೆ ಬರುವುದು ಹತ್ತಿರ ಹತ್ತಿರ 2,700 ಗ್ರಾಂ. ಭಾಗಿಸಿ ನೋಡಿ, 150 ದಿನ. ಒಂದು ಚದರ ಮೀಟರ್ ತೊಟ್ಟಿ ಐದು ತಿಂಗಳು ದುಡಿದರೆ ಒಂದು ಲೀಟರ್ ಡೀಸೆಲ್ ತೀರುತ್ತದೆ. ಬಸ್ಸು ನಿಲ್ದಾಣಕ್ಕೆ ಬಂದು ಇಂಜಿನ್ ಬಂದ್ ಮಾಡದೆ ನಿಂತರೆ ಅದಕ್ಕಿಂತ ಬೇಗ ಸುಡುತ್ತದೆ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಷ್ಟ್ರಿಗೆ ತೋರಿಸಿದೆ. ಗಣಿತದ ಮೇಷ್ಟ್ರು ಅವರು. ಎರಡು ಸಲ ತಾಳೆ ನೋಡಿ, ಕನ್ನಡಕ ತೆಗೆದು, "ಹಂಗಾರ ಪಾಚಿ ದಂಡ ಏನವಾ?" ಅಂದರು.

ದಂಡ ಅಲ್ಲ. ಪಾಚಿಗೆ ಒಪ್ಪುವ ಕೆಲಸ ಬೇರೆ ಇದೆ. ಕೋಲ್ಕತ್ತಾದ ಪೂರ್ವಕ್ಕೆ 12,500 ಹೆಕ್ಟೇರ್ ಜೌಗು ಪ್ರದೇಶ ಇದೆ, 2002ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಊರಿನ ಚರಂಡಿ ನೀರನ್ನು ಅಲ್ಲಿನ ಆಳವಿಲ್ಲದ ಕೆರೆಗಳಿಗೆ ಬಿಡುತ್ತಾರೆ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ಅದನ್ನು ಉಸಿರಾಡಿ ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತವೆ, ಪಾಚಿಯನ್ನು ಮೀನು ತಿನ್ನುತ್ತದೆ, ಮೀನನ್ನು ಕೋಲ್ಕತ್ತಾ ತಿನ್ನುತ್ತದೆ. ಗಾಜಿಲ್ಲ, ಗಾಳಿ ಊದುವ ಪಂಪಿಲ್ಲ. ಮೀನುಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು. ಪಾಚಿಯನ್ನು ಗೋಡೆಗೆ ಏರಿಸಿ ಶೋಕಿ ಮಾಡುವುದಕ್ಕಿಂತ ಚರಂಡಿಗೆ ಇಳಿಸಿ ದುಡಿಸುವುದು ಮೇಲು ಅಂತ ನನಗೆ ಅನ್ನಿಸಿದ್ದು ಆಗಲೇ.

ಸರಿ, ಗಾಜಿನ ತೊಟ್ಟಿ ಕೈಬಿಟ್ಟೆವು. ಆದರೆ ಮೇಷ್ಟ್ರಿಗೆ ಹಸಿರು ಬೇಕೇ ಬೇಕು. ಅವರ ಹೆಂಡತಿಗೆ ಗಿಡ ಅಂದರೆ ಜೀವ ಆಗಿತ್ತಂತೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಗರದಲ್ಲಿ 2019ರಲ್ಲಿ 316 ಬಸ್ ತಂಗುದಾಣಗಳ ಮೇಲೆ ಗಿಡ ಹಾಕಿದ್ದರು. ಸೀಡಮ್ ಅನ್ನೋ ದಪ್ಪ ಎಲೆಯ ಸಣ್ಣ ಗಿಡ. ಮಳೆ ನೀರು ಹಿಡಿಯುತ್ತದೆ, ಧೂಳು ಹಿಡಿಯುತ್ತದೆ, ಜೇನಿಗೆ ಹೂವು. ಅದನ್ನು ತೋರಿಸಿದೆ. ಇದು ಆಗುತ್ತದೆ ಅಂತ ಇಬ್ಬರಿಗೂ ಅನ್ನಿಸಿತು.

ಆದರೆ ಸೀಡಮ್‌ಗೆ ನಮ್ಮ ಮೇ ತಿಂಗಳು ತೋರಿಸುವುದು ಪಾಪ. ಗಿಡಕ್ಕಿಂತ ಮೊದಲು ನೀರಿನ ಪ್ರಶ್ನೆ ಇತ್ತು. ನಾನು ನೋಡಿದ ಒಂದು ಕಚೇರಿಯ ಕಾಂಪೌಂಡಿಗೆ ಹಸಿರು ಗೋಡೆ ಹಾಕಿದ್ದರು. ಕಪ್ಪು ಪ್ಲಾಸ್ಟಿಕ್ ಕುಂಡಗಳ ಸಾಲು, ಹನಿ ನೀರಾವರಿ ಪೈಪು, ಉದ್ಘಾಟನೆ, ಫೋಟೋ. ಎಂಟನೇ ತಿಂಗಳಿಗೆ ಮೋಟರ್ ಸುಟ್ಟಿತು. ರಿಪೇರಿ ಮಾಡಿಸುವುದು ಯಾರ ಕೆಲಸ ಅನ್ನೋದು ಯಾವ ಕಾಗದದಲ್ಲೂ ಇರಲಿಲ್ಲ. ಈಗ ಅಲ್ಲಿ ಕುಂಡಗಳಿವೆ, ಅದರೊಳಗೆ ಗುಟ್ಕಾ ಚೀಟಿ ಇವೆ. ಗೋಡೆಯಲ್ಲಿ ಬೇರು ಬಿಟ್ಟ ಗಿಡಕ್ಕೆ ನೆಲದ ಆಸರೆ ಇಲ್ಲ. ನಾಲ್ಕು ದಿನ ನೀರು ತಪ್ಪಿದರೆ ಮುಗೀತು. ಪ್ಯಾರಿಸ್, ಮ್ಯಾಡ್ರಿಡ್ ಕಡೆ ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಮಾಡಿದ ಹಸಿರು ಗೋಡೆಗಳಲ್ಲಿ ಮಣ್ಣೇ ಇಲ್ಲ, ಬಟ್ಟೆಯ ಪದರದಲ್ಲಿ ಬೇರು, ಅದಕ್ಕೆ ಗೊಬ್ಬರ ಬೆರೆಸಿದ ನೀರು ಇಳಿಯುತ್ತಲೇ ಇರಬೇಕು. ಅಲ್ಲಿ ಅದನ್ನು ನೋಡಿಕೊಳ್ಳಲು ಜನ ಇದ್ದಾರೆ.

ಕಾಲೇಜು ಪ್ರವಾಸದಲ್ಲಿ ಮೇಘಾಲಯದ ನೊಂಗ್ರಿಯಾಟ್‌ಗೆ ಹೋಗಿದ್ದೆವು. ಮೂರು ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಇಳಿದು ಜೀವಂತ ಬೇರಿನ ಸೇತುವೆ ನೋಡಿದ್ದೆ. ಖಾಸಿ ಜನ ಆಲದ ಜಾತಿಯ ರಬ್ಬರ್ ಮರದ ಬೇರುಗಳನ್ನು ಅಡಿಕೆ ದಬ್ಬೆಯಲ್ಲಿ ಹಾಯಿಸಿ, ಹಳ್ಳದ ಆಚೆ ದಡಕ್ಕೆ ಮುಟ್ಟಿಸಿ, ವರ್ಷಗಟ್ಟಲೆ ಕಾದು ಸೇತುವೆ ಮಾಡುತ್ತಾರೆ. ಹಳೆಯದಾದಷ್ಟೂ ಗಟ್ಟಿ. ಮೆಟ್ಟಿಲು ಹತ್ತುವಾಗ ಕಾಲು ನಡುಗಿದ್ದು ಇನ್ನೂ ನೆನಪಿದೆ. ಅಲ್ಲಿ ನೀರು ಯಾರು ಹಾಕುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಆ ಸೀಮೆಯಲ್ಲಿ ವರ್ಷಕ್ಕೆ ಹತ್ತು ಸಾವಿರ ಮಿಲಿಮೀಟರ್ ಮೀರಿ ಮಳೆ. ನಮ್ಮಲ್ಲಿ ಆರುನೂರು ಬಿದ್ದರೆ ಒಳ್ಳೆ ವರ್ಷ. ನಮ್ಮಲ್ಲಿ ಯಾರ ಹಂಗೂ ಇಲ್ಲದೆ, ಯಾವ ಯೋಜನೆಯ ದುಡ್ಡೂ ಇಲ್ಲದೆ ಬೆಳೆಯುವುದು ಬಳ್ಳಾರಿ ಜಾಲಿ ಒಂದೇ. ಅದಕ್ಕೆ ಟೆಂಡರ್ ಕರೆದವರಿಲ್ಲ.

ನೀರಿನ ಉತ್ತರ ಸಿಕ್ಕಿದ್ದು ಜಾಗ ಅಳೆಯಲು ಹೋದ ದಿನ. ಹೊಸ ತಂಗುದಾಣ ಬರಬೇಕಾದ ಜಾಗದ ಪಕ್ಕದಲ್ಲೇ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ಆ ಭಾಗದ ಬೋರಿನ ನೀರಿನಲ್ಲಿ ಉಪ್ಪು ಜಾಸ್ತಿ, ಫ್ಲೋರೈಡೂ ಇದೆ. ಘಟಕದ ಹಿಂದೆ ಒಂದು ಪೈಪಿನಿಂದ ನೀರು ಸುರಿದು ಮೋರಿಗೆ ಹೋಗುತ್ತಿತ್ತು. ಸೊಳ್ಳೆ, ಕೆಸರು, ಹಂದಿ. ನೀರು ಬಿಡುವ ವಾಟರ್‌ಮನ್‌ನ ಕೇಳಿದೆ. "ಅದು ವೇಸ್ಟ್ ನೀರ್ರಿ. ಅರ್ಧ ಒಳ್ಳೇದು ಬರತೈತಿ, ಅರ್ಧ ಅಲ್ಲಿ ಹೊಕ್ಕೈತಿ" ಅಂದ. ಮೀಟರ್ ಹಾಕಿ ನೋಡಿದೆ. ಬೋರಿನ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನ ಅಳತೆ, 1,400. ವೇಸ್ಟ್ ನೀರಿನದು 2,700. ಬೋರಿನ ಉಪ್ಪೆಲ್ಲ ಅರ್ಧ ನೀರಿಗೆ ಬಂದು ಕೂತಿದೆ. ಫ್ಲೋರೈಡೂ ಹಾಗೆಯೇ. ದಿನಕ್ಕೆ ಸುಮಾರು 150 ಕ್ಯಾನು ಹೋಗುತ್ತದೆ, ಅಂದರೆ ಮೂರು ಸಾವಿರ ಲೀಟರ್. ಅಷ್ಟೇ ಮೋರಿಗೆ.

ಆ ಪೈಪಿನ ನೀರಿಗೆ ಇನ್ನೊಂದು ಗುಣ ಇದೆ. ಯಂತ್ರದಿಂದ ಒತ್ತಡದಲ್ಲಿ ಬರುತ್ತದೆ. ಪೈಪನ್ನು ಮೂರು ಮೀಟರ್ ಮೇಲೆತ್ತಿ ಹಿಡಿದರೂ ಸುರಿಯುತ್ತದೆ, ಬೇರೆ ಮೋಟರ್ ಬೇಡ. ಘಟಕ ಓಡಿದಾಗಲೆಲ್ಲ ಮಾಳಿಗೆಗೂ ನೀರು. ಗಿಡ ಸಾಯಬೇಕಾದರೆ ಮೊದಲು ಘಟಕ ನಿಲ್ಲಬೇಕು. ಘಟಕ ನಿಂತರೆ ಊರವರು ಪಂಚಾಯಿತಿ ಮುಂದೆ ಕೊಡ ಇಟ್ಟು ಕೂರುತ್ತಾರೆ. ಗಿಡಕ್ಕೋಸ್ಕರ ಯಾರೂ ಕೂರುವುದಿಲ್ಲ. ಹಾಗಾಗಿ ಗಿಡದ ದಾಹವನ್ನು ಜನರ ದಾಹಕ್ಕೆ ಗಂಟು ಹಾಕಿದೆ. ನನ್ನ ಡಿಸೈನಿನಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಗಂಟಿನ ಬಗ್ಗೆ. ಉಳಿದದ್ದೆಲ್ಲ ಗಾರೆ ಕೆಲಸ.

ಉಪ್ಪು ನೀರು ಕುಡಿದು ಬಾಳುವ ಗಿಡ ಯಾವುದು? ಹೊಲದ ಬದುವಿನಲ್ಲೇ ಇತ್ತು. ಗೋಳಿ ಪಲ್ಯ. ಕೆಂಪು ದಂಟು, ದಪ್ಪ ಪುಟ್ಟ ಎಲೆ, ಹಳದಿ ಹೂವು. ಚೌಳಿನಲ್ಲೂ ಹಬ್ಬುತ್ತದೆ. ಇದರ ಉಸಿರಾಟ ವಿಚಿತ್ರ. ಮಣ್ಣಿನಲ್ಲಿ ತೇವ ಇದ್ದಾಗ ಹಗಲೇ ಎಲೆಯ ರಂಧ್ರ ತೆರೆದಿಟ್ಟು ಜೋರಾಗಿ ಬೆಳೆಯುತ್ತದೆ. ಬರ ಬಿದ್ದರೆ ಹಗಲು ಬಾಗಿಲು ಹಾಕಿಕೊಂಡು, ರಾತ್ರಿ ತಂಪಿನಲ್ಲಿ ಗಾಳಿ ಎಳೆದು ಕೂಡಿಟ್ಟುಕೊಳ್ಳುತ್ತದೆ. ನಮ್ಮ ಊರಿನ ಜನ ಮೇ ತಿಂಗಳಲ್ಲಿ ಮಾಡುವುದೂ ಅದೇ ತಾನೆ? ಉಟ್ರೆಕ್ಟಿಗೆ ಸೀಡಮ್, ನಮಗೆ ಗೋಳಿ ಪಲ್ಯ. ಜೊತೆಗೆ ಅಂಚಿಗೆ ಮಂಗರಬಳ್ಳಿ ಇಳಿಬಿಟ್ಟೆ. ಅದು ಬಂಡೆ ಮೇಲೇ ಬದುಕುವ ಜಾತಿ.

ಕಟ್ಟಡದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆರು ಮೀಟರ್ ಉದ್ದ, ಎರಡೂವರೆ ಅಗಲದ ಆರ್‌ಸಿಸಿ ಮಾಳಿಗೆ, ಮೂರು ಕಡೆ ತೆರೆದದ್ದು. ಮೇಲೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ, ಬೇರು ಇಳಿಯದಂತೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಬೆಸೆಯಲು ಬರುವ ಹುಡುಗರು ಬೇಕಾದಷ್ಟು ಇದ್ದಾರೆ. ಅದರ ಮೇಲೆ ಜಲ್ಲಿ, ಗೋಣಿ ಬಟ್ಟೆ, ಆಮೇಲೆ ಎಂಟು ಸೆಂಟಿಮೀಟರ್ ಮಣ್ಣು. ಎರೆ ಮಣ್ಣು ಹಾಕಲಿಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು. ಇಟ್ಟಿಗೆ ಚೂರು, ರೈಸ್ ಮಿಲ್ಲಿನ ಹೊಟ್ಟಿನ ಬೂದಿ, ಸ್ವಲ್ಪ ಕೆಮ್ಮಣ್ಣು, ತಿಪ್ಪೆ ಗೊಬ್ಬರ. ನೆನೆದಾಗ ಒಂದು ಚದರ ಮೀಟರಿಗೆ 110 ಕೆಜಿ. ಇಂಜಿನಿಯರ್ ಗೆಳೆಯ ಇಷ್ಟು ಭಾರವಾ ಅಂದ. ನಮ್ಮಜ್ಜಿ ಮನೆಯ ಜಂತಿಗಳು ಒಂದು ಅಡಿ ಮಣ್ಣು ಹೊತ್ತಿದ್ದವು. ಅದು ಚದರ ಮೀಟರಿಗೆ ಐನೂರು ಕೆಜಿ ಹತ್ತಿರ ಬರುತ್ತದೆ ಅಂದೆ. ಸುಮ್ಮನಾದ.

ಮಾಳಿಗೆಗೆ ಬೇಕಾದ ನೀರು ಕಡು ಬೇಸಿಗೆಯಲ್ಲೂ ದಿನಕ್ಕೆ ಎಪ್ಪತ್ತು ಲೀಟರ್. ಸಿಗುವುದು ಮೂರು ಸಾವಿರ. ಉಳಿದದ್ದಕ್ಕೆ ಹಿಂದೆ ಉದ್ದನೆಯ ಕಾಲುವೆ ತೋಡಿ ಆಪು, ಅಂದರೆ ಜೊಂಡು ಹುಲ್ಲು ಹಾಕಿದೆವು, ಅದರಾಚೆ ಎರಡು ಹೊಂಗೆ, ಎರಡು ಈಚಲು. ಹೊಂಗೆ ಒಂದನ್ನು ಕುರಿ ತಿಂದಿತು. ಮತ್ತೆ ನೆಟ್ಟೆವು.

ಮೊದಲ ಬೇಸಿಗೆ ನಾನು ಒಂದು ದೊಡ್ಡ ತಪ್ಪು ಮಾಡಿದೆ. ನೀರು ಉಳಿಸುವ ಹುಮ್ಮಸ್ಸಿನಲ್ಲಿ ಹನಿ ಹನಿಯಾಗಿ ಬಿಟ್ಟೆ. ಹನಿ ಬಿದ್ದಿದ್ದು ಆರಿ ಹೋಯಿತು, ಉಪ್ಪು ಅಲ್ಲೇ ಉಳಿಯಿತು. ಏಪ್ರಿಲ್‌ನಲ್ಲಿ ಏಣಿ ಹಾಕಿ ನೋಡಿದರೆ ಮಾಳಿಗೆ ತುಂಬ ಬಿಳಿ ಪುಡಿ. ಗೋಳಿ ಪಲ್ಯವೂ ಅಂಚಿನಲ್ಲಿ ಮಾತ್ರ ಉಳಿದಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಚೌಳು! ಅಜ್ಜಿ ಬಂಡಿ ಬಾಡಿಗೆ ಕೊಟ್ಟು ತರಿಸುತ್ತಿದ್ದದ್ದನ್ನು ನಾನು ಯಂತ್ರ ಇಟ್ಟು ತಯಾರು ಮಾಡಿದ್ದೆ. ಅವಳ ಚೌಳು ಮಣ್ಣಿನ ಗುಟ್ಟು ನನಗೆ ಕಾಲೇಜಿನಲ್ಲಿ ಗೊತ್ತಾಗಿತ್ತು. ಅದರಲ್ಲಿನ ಸೋಡಿಯಂ ಜೇಡಿ ಕಣಗಳನ್ನು ಬಿಡಿಸಿಬಿಡುತ್ತದೆ, ಆ ನುಣ್ಣನೆ ಕಣ ಹೋಗಿ ಮಣ್ಣಿನ ತೂತುಗಳಿಗೆ ಕೂರುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ. ಬೀಜವೂ ಹುಟ್ಟುವುದಿಲ್ಲ. ಗದ್ದೆಯಲ್ಲಿ ಯಾವುದು ರೋಗವೋ ಮಾಳಿಗೆಯಲ್ಲಿ ಅದೇ ಔಷಧ. ನಮ್ಮ ಹಿರಿಯರಿಗೂ ಮಾಳಿಗೆ ಮೇಲೆ ಗಿಡ ಬೆಳೆಸಲು ಬರುತ್ತಿತ್ತು ಅಂತ ಭಾಷಣ ಮಾಡುವವರಿಗೆ ಇದನ್ನು ಹೇಳಬೇಕು. ಗಿಡ ಬೆಳೆಯದಂತೆ ಮಾಡುವುದರಲ್ಲಿ ಅವರು ನಿಪುಣರಾಗಿದ್ದರು.

ಮದ್ದು ಸುಲಭ ಇತ್ತು. ಹನಿ ಬಿಟ್ಟು, ವಾರಕ್ಕೆರಡು ಸಲ ಪೂರ್ತಿ ಹರಿಸುವುದು. ಬಂದ ಉಪ್ಪನ್ನು ಮುಂದಿನ ನೀರೇ ತೊಳೆದುಕೊಂಡು ಹಿಂದಿನ ಕಾಲುವೆಗೆ ಒಯ್ಯುತ್ತದೆ. ಉಳಿದ ಕೊಳೆಯನ್ನು ಹುಬ್ಬೆ, ಉತ್ತರೆ ಮಳೆ ತೊಳೆಯುತ್ತವೆ. ಗೋಳಿ ಪಲ್ಯದ ಬೀಜ ಮಣ್ಣಿನಲ್ಲೇ ಕಾದಿತ್ತು, ಮತ್ತೆ ಹುಟ್ಟಿತು.

ಮಂಗಗಳ ಬಗ್ಗೆ ಹೇಳಲೇಬೇಕು. ನನ್ನ ಯಾವ ಪುಸ್ತಕದಲ್ಲೂ ಮಂಗದ ಅಧ್ಯಾಯ ಇರಲಿಲ್ಲ. ಒಂದು ಬೆಳಗ್ಗೆ ಮುಸುವಗಳ ಗುಂಪು ಮಾಳಿಗೆ ಮೇಲೆ ಕೂತು, ಸಂತೆಯಲ್ಲಿ ಸೊಪ್ಪು ಆರಿಸುವವರ ಹಾಗೆ ಕಿತ್ತು ಕಿತ್ತು ತಿನ್ನುತ್ತಿತ್ತು. ಬಲೆ ಹಾಕೋಣ ಅಂದೆ. ಮೇಷ್ಟ್ರು ಬೇಡ ಅಂದರು. ಕಿತ್ತ ದಂಟು ಬಿದ್ದಲ್ಲೇ ಬೇರು ಬಿಡುತ್ತದೆ, ನಾವು ಹೋಗಿ ನೆಡುವ ಬದಲು ಅವೇ ನೆಡುತ್ತಿವೆ ಅಂತ ಅವರ ವಾದ. ಅರ್ಧ ನಿಜ.

ಪಾಚಿ ಏನಾಯಿತು? ನಾನು ಕರೆಯದಿದ್ದರೂ ಬಂತು. ಮಾಳಿಗೆಯಿಂದ ಇಳಿದ ನೀರು ಆಪಿನ ಕಾಲುವೆಗೆ ಹೋಗುವ ಮುಂಚೆ ಒಂದು ಗಿಡ್ಡ ಸಿಮೆಂಟ್ ತೊಟ್ಟಿಯಲ್ಲಿ ನಿಲ್ಲುತ್ತದೆ. ಎರಡೇ ತಿಂಗಳಿಗೆ ಅದರ ಗೋಡೆಗೆ ಕೂದಲಿನಂಥ ಹಸಿರು ಹಾವಸೆ ಹಿಡಿಯಿತು. 43 ಡಿಗ್ರಿಗೂ ಸಾಯಲಿಲ್ಲ, ಕೊರಿಯರ್‌ನಲ್ಲಿ ತರಿಸಿದ್ದಲ್ಲವಲ್ಲ. ನಾನು ಖುಷಿಯಾಗಿ ನೋಡಲು ಹೋದ ದಿನ ತೊಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ವಾಟರ್‌ಮನ್ ನಾನು ಬರುತ್ತೇನೆ ಅಂತ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ದ. "ಹೊಲಸ್ ಆಗಿತ್ತ್ರೀ ಮೇಡಂ, ಕ್ಲೀನ್ ಮಾಡೀನಿ" ಅಂತ ಹೆಮ್ಮೆಯಿಂದ ನಿಂತಿದ್ದ. ಬೈಯಲು ಬಾಯಿ ಬರಲಿಲ್ಲ. ಅಪ್ಪನ ಮೈಲುತುತ್ತದ ಗಂಟು ನೆನಪಾಯಿತು. ಮೂರು ವಾರಕ್ಕೆ ಹಾವಸೆ ಮತ್ತೆ ಹಿಡಿಯಿತು. ಈಗ ಅವನು ತಿಕ್ಕುವುದಿಲ್ಲ. ತೊಟ್ಟಿಗೆ ಮೀನಿನ ಮರಿ ಬಿಟ್ಟಿದ್ದಾನೆ, ಸೊಳ್ಳೆ ಮರಿ ತಿನ್ನಲಿ ಅಂತ. ಇದು ನನ್ನ ಡಿಸೈನಿನಲ್ಲಿ ಇರಲಿಲ್ಲ.

ಈ ಮೇ ತಿಂಗಳು ಮಧ್ಯಾಹ್ನ ಎರಡೂವರೆಗೆ ಕಾವು ಅಳೆಯುವ ಗನ್ ಹಿಡಿದು ಹೋಗಿದ್ದೆ. ಹೊರಗೆ 41. ಹಳೆಯ ತಗಡಿನ ತಂಗುದಾಣ ಇನ್ನೂ ಎದುರಿಗೇ ಇದೆ, ಅದರ ಒಳಮೈ 58. ನಮ್ಮ ಮಾಳಿಗೆಯ ಒಳಮೈ 37. ಬೆಂಚಿನಲ್ಲಿ ಹನ್ನೊಂದು ಜನ ಇದ್ದರು, ಕೆಳಗೆ ಎರಡು ನಾಯಿ. ನಾಯಿಗಳನ್ನು ಎಣಿಸಿದ್ದೇ ನನಗೆ ಹೆಚ್ಚು ನಂಬಿಕೆ ಕೊಟ್ಟಿತು.

ಒಬ್ಬ ಅಜ್ಜಿ ಇದ್ದಳು. ತಲೆ ಎತ್ತಿ ಅಂಚಿನಿಂದ ಇಳಿಬಿದ್ದ ಗೋಳಿ ಪಲ್ಯ ನೋಡುತ್ತಿದ್ದಳು. "ಯವ್ವಾ, ಒಂದ್ ಹಿಡಿ ಹರಕೋಬೌದೇನು? ಬ್ಯಾಳಿಗೆ ಹಾಕಿದ್ರ ಭಾಳ ರುಚಿ." ಬೇಡಮ್ಮ ಅಂದೆ. ಅದು ಯಂತ್ರದ ವೇಸ್ಟ್ ನೀರು ಕುಡಿದ ಸೊಪ್ಪು, ಫ್ಲೋರೈಡ್ ಇರುತ್ತದೆ, ಹಲ್ಲಿಗೆ ಮೂಳೆಗೆ ಒಳ್ಳೆಯದಲ್ಲ ಅಂತ ವಿವರಿಸಿದೆ.

ಅವಳು ನಕ್ಕಳು. ಹಲ್ಲುಗಳ ಮೇಲೆ ಕಂದು ಗೆರೆ. "ಈ ಮಷಿನ್ ಬರಾಕಿಂತ ಮೊದ್ಲ ನಾವು ಕುಡದದ್ದು ಅದ ಬೋರಿನ ನೀರಲ್ಲೇನವಾ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಕ್ಯಾನು ಹಿಡಿಯಲು ಬಂದ. ಕಾಯಿನ್ ಹಾಕಿ, ಮೊದಲು ಬಂದ ನೀರಿನಲ್ಲಿ ಕ್ಯಾನನ್ನು ಗಲಗಲ ತೊಳೆದು ಚೆಲ್ಲಿದ. ಎಲ್ಲರೂ ಹಾಗೇ ಮಾಡುತ್ತಾರೆ. ಅದು ಒಳ್ಳೆಯ ನೀರು. ಎರಡು ವರ್ಷ ಆ ಜಾಗಕ್ಕೆ ಓಡಾಡಿದ್ದೇನೆ, ಆ ಒಂದು ಚೆಂಬು ನೀರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನಲ್ಲಿಯ ಕೆಳಗೆ ಒಂದು ಜಾಲರಿ ಇದೆ. ಅಲ್ಲಿಂದ ಸಣ್ಣ ಪೈಪು ಬೆಂಚಿನ ತುದಿಯ ತೊಟ್ಟಿಗೆ ಹೋಗುತ್ತದೆ. ಅದರಲ್ಲಿ ಹೊಲದಿಂದ ತಂದ ಬೇರೆ ಗೋಳಿ ಪಲ್ಯ, ಬೇರೆ ಮಣ್ಣು. ಮೊನ್ನೆ ಹೋದಾಗ ಅಜ್ಜಿ ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಸಾಕಾಗುತ್ತಾ ಅಂತ ಕೇಳಿದೆ.

"ಎಲ್ಲಿ ಸಾಕಾಗತೈತವಾ, ಮನ್ಯಾಗ ಆರು ಮಂದಿ ಅದೀವಿ. ಇನ್ನೆರಡು ತೊಟ್ಟಿ ಇಡು."